ಡಬ್ಬಿ ಮೇಲಿನ ಸಣ್ಣ ಅಂಕಿ ನೋಡಿ: ಮಾಡೆಲ್ ಕಟ್ಟುವವರು ಪವರ್ ಟೂಲ್ ಆರಿಸುವ ಬಗೆ

ಹುಬ್ಬಳ್ಳಿಯ ಟೂಲ್ಸ್ ಅಂಗಡಿಗೆ ಹೋಗಿ "ಮಾಡೆಲ್ ಮಾಡಾಕ ಒಂದ್ ಮಷಿನ್ ತೋರಸ್ರಿ" ಅಂದರೆ ಸಾಮಾನ್ಯವಾಗಿ ಕೌಂಟರಿಗೆ ಬರುವುದು 13 ಎಂಎಂ ಹ್ಯಾಮರ್ ಡ್ರಿಲ್, ಇಲ್ಲವೇ ನಾಲ್ಕಿಂಚಿನ ಆ್ಯಂಗಲ್ ಗ್ರೈಂಡರ್. ಅಂಗಡಿಯವರ ತಪ್ಪೇನೂ ಇಲ್ಲ. ದಿನ ಬೆಳಗಾದರೆ ಅವರ ಹತ್ತಿರ ಬರುವವರು ಗ್ರಿಲ್ ಬೆಸೆಯುವವರು, ಪ್ಲಂಬರುಗಳು, ಬಡಿಗ್ಯಾರು. ಅಂಗೈ ಅಗಲದ ರೈಲು ಬೋಗಿಗೆ ಅರ್ಧ ಮಿಲಿಮೀಟರ್ ತೂತು ಹಾಕಬೇಕು ಅನ್ನುವ ಗಿರಾಕಿ ಎಲ್ಲೋ ಅಪರೂಪಕ್ಕೆ ಒಬ್ಬ. ಹಾಗಾಗಿ ಏನು ಬೇಕು ಅನ್ನುವುದನ್ನು ನಾವೇ ತಿಳಿದುಕೊಂಡು ಹೋಗಬೇಕು.

ಹದಿನೈದು ವರ್ಷದಿಂದ ವಿದ್ಯಾನಗರದ ಮನೆಯ ಮಾಳಿಗೆ ಕೋಣೆಯಲ್ಲಿ ಸಂಜೆ ಹೊತ್ತು ಮಾಡೆಲ್ ಕಟ್ಟುತ್ತ ಬಂದಿದ್ದೇನೆ. ರೈಲು, ಗುಡಿ, ಶ್ರಾವಣ ಮುಗಿಯುತ್ತ ಬಂದಾಗ ಗಣಪತಿ ಮಂಟಪ. ಇಷ್ಟರಲ್ಲಿ ನನಗೆ ಖಚಿತವಾಗಿರುವ ಮಾತು ಒಂದೇ: ನಮ್ಮ ಕೆಲಸದಲ್ಲಿ ಮಷಿನಿನ ಬಲಕ್ಕಿಂತ ಅದು ಎಷ್ಟು ನಿಧಾನ ತಿರುಗಬಲ್ಲದು, ಎಷ್ಟು ನೆಟ್ಟಗೆ ತಿರುಗುತ್ತದೆ ಅನ್ನುವುದು ಮುಖ್ಯ. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ 35,000 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು) ಅಂತ ಅಚ್ಚು ಹಾಕಿರುತ್ತಾರೆ. ಅದನ್ನು ಬಿಡಿ. ಅತಿ ಕಡಿಮೆ ವೇಗ ಎಷ್ಟು ಅನ್ನುವ ಸಣ್ಣ ಅಂಕಿ ಎಲ್ಲಿದೆ ಹುಡುಕಿ.

ಮೊದಲು ಹಾಳೆ, ಆಮೇಲೆ ಅಂಗಡಿ

ಕೊಳ್ಳುವ ಮೊದಲು ಒಂದು ಹಾಳೆ ತೆಗೆದುಕೊಂಡು ನಾಲ್ಕು ಸಂಗತಿ ಬರೆಯಿರಿ. ಕಟ್ಟುವ ವಸ್ತು ಯಾವುದು, ಎಷ್ಟು ದಪ್ಪ, ಅದರಲ್ಲಿ ಬೇಕಾಗುವ ಅತಿ ಸಣ್ಣ ತೂತು ಎಷ್ಟು, ಅತಿ ಬಿಗಿಯಾದ ತಿರುವು ಯಾವುದು.

ಒಂದು ಉದಾಹರಣೆ ಲೆಕ್ಕ ಹಾಕೋಣ. ನಾವೆಲ್ಲ ಚಿಕ್ಕಂದಿನಿಂದ ಹತ್ತಿ ಇಳಿದ ಐಸಿಎಫ್ (ಚೆನ್ನೈನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿ) ಬೋಗಿಯ ಉದ್ದ ಸುಮಾರು 21.3 ಮೀಟರ್, ಅಗಲ 3.25 ಮೀಟರ್ ಹತ್ತಿರ. ಎಚ್‌ಓ ಅಳತೆಯಲ್ಲಿ, ಅಂದರೆ 87ರಲ್ಲಿ ಒಂದು ಪಾಲು ಮಾಡಿದರೆ, ಅದು 245 ಎಂಎಂ ಉದ್ದ, 37 ಎಂಎಂ ಅಗಲ ಆಗುತ್ತದೆ. ಬಾಗಿಲ ಪಕ್ಕದ ಹಿಡಿಕೆ ಸರಳು ಮೂರು ಸೆಂಟಿಮೀಟರ್ ದಪ್ಪ ಇದೆ ಅಂತ ಇಟ್ಟುಕೊಂಡರೆ ಮಾಡೆಲ್‌ನಲ್ಲಿ ಅದು 0.35 ಎಂಎಂ ತಂತಿ. ಅದನ್ನು ಕೂರಿಸಲು 0.4 ಎಂಎಂ ತೂತು ಬೇಕು. ಇಷ್ಟು ಬರೆದಾಯಿತು ಅಂದರೆ 13 ಎಂಎಂ ಚಕ್, ಅಂದರೆ ತೂತು ಹಾಕುವ ಬಿಟ್ಟನ್ನು ಕಚ್ಚಿ ಹಿಡಿಯುವ ಬಾಯಿ, ಇರುವ ಡ್ರಿಲ್ ನಿಮ್ಮ ಪಟ್ಟಿಯಿಂದ ತಾನೇ ಬಿದ್ದುಹೋಗುತ್ತದೆ, ಅದರ ಚಕ್ ಅಷ್ಟು ಸಣ್ಣ ಬಿಟ್ಟನ್ನು ಹಿಡಿಯುವುದೇ ಇಲ್ಲ. (ಬೋಗಿ ಕಟ್ಟಿದವರಿಗೆ ಮುಂದೆ ನಮ್ಮೂರ ಪ್ಲಾಟ್‌ಫಾರ್ಮನ್ನೂ ಕಟ್ಟುವ ಆಸೆ ಹುಟ್ಟುತ್ತದೆ, ನನಗೂ ಹುಟ್ಟಿತ್ತು. ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ 1,507 ಮೀಟರ್ ಪ್ಲಾಟ್‌ಫಾರ್ಮ್ ಇದೇ ಅಳತೆಯಲ್ಲಿ 17 ಮೀಟರ್ ದಾಟುತ್ತದೆ. ತುಂಡು ಮಾತ್ರ ಕಟ್ಟಲು ಸಾಧ್ಯ.)

ಹಾಳೆ ಬರೆದ ಮೇಲೆ ಕೆಲವರಿಗೆ ಮಷಿನೇ ಬೇಡ ಅಂತ ಗೊತ್ತಾಗುತ್ತದೆ. ಗದಗದ ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರದ ಮಾಡೆಲ್ ಮಾಡುತ್ತೇನೆ, ರೆಕ್ಕೆ ಬಾಲ್ಸಾ ಅನ್ನುವ ಹಗುರ, ಮೆತ್ತನೆ ಕಟ್ಟಿಗೆಯಲ್ಲಿ ಅನ್ನುವವರಿಗೆ ಒಳ್ಳೆಯ ಚಾಕು, ಸ್ಟೀಲ್ ಸ್ಕೇಲ್, ಪಾಲಿಶ್ ಪೇಪರ್ ಸಾಕು. ಬಾಲ್ಸಾಗೆ ಮಷಿನ್ ತಾಗಿಸಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅರ್ಧ ರೆಕ್ಕೆ ಪುಡಿಯಾಗಿರುತ್ತದೆ.

ರೋಟರಿ ಟೂಲ್: ಒಂದೇ ಕೊಳ್ಳುವುದಾದರೆ ಇದನ್ನೇ

ಪೆನ್ನಿನ ಹಾಗೆ ಬೆರಳಲ್ಲಿ ಹಿಡಿದು ಕೆಲಸ ಮಾಡುವ ಸಣ್ಣ ಯಂತ್ರ ಇದು. ಡ್ರೆಮೆಲ್ ಅನ್ನುವ ಒಂದು ಕಂಪನಿಯ ಹೆಸರೇ ಈಗ ಇಡೀ ಜಾತಿಗೆ ಹೆಸರಾಗಿ ನಿಂತಿದೆ. ತೂತು ಹಾಕುತ್ತದೆ, ತೆಳು ಹಿತ್ತಾಳೆ ಕೊಯ್ಯುತ್ತದೆ, ಉಜ್ಜುತ್ತದೆ, ಕೆತ್ತುತ್ತದೆ. 130ರಿಂದ 175 ವ್ಯಾಟ್ ಇದ್ದರೆ ಧಾರಾಳವಾಯಿತು.

ವೇಗದ ವಿಷಯ ಇಲ್ಲೇ ಬರುತ್ತದೆ. ನನ್ನ ಮೊದಲ ಯಂತ್ರದ ಕನಿಷ್ಠ ವೇಗವೇ 15,000 ಇತ್ತು. ಬೋಗಿಯ ಕಿಟಕಿ ತೆಗೆಯಲು 2 ಎಂಎಂ ಆಕ್ರಿಲಿಕ್ ಹಾಳೆಗೆ ಬಿಟ್ ಇಟ್ಟೆ. ಮೊದಲ ಎರಡು ಸೆಕೆಂಡ್ ಬಿಳಿ ಪುಡಿ ಉದುರಿತು. ಆಮೇಲೆ ಪುಡಿ ನಿಂತು ದಾರದಂಥ ಎಳೆ ಬರತೊಡಗಿತು. ಇದೇನು ಅಂತ ಬಗ್ಗಿ ನೋಡುವಷ್ಟರಲ್ಲಿ ಪ್ಲಾಸ್ಟಿಕ್ ಬಿಟ್ಟಿಗೆ ಮೆತ್ತಿಕೊಂಡು ಹಾಳೆಯೇ ಕೈಯಿಂದ ಕಿತ್ತುಕೊಂಡು ಗಿರ್ರನೆ ತಿರುಗಿತು. ತಣ್ಣಗಾದ ಮೇಲೆ ನೋಡಿದರೆ ಬಿಟ್ಟಿನ ಸುರುಳಿ ತುಂಬ ಬೆಲ್ಲದ ಪಾಕ ಗಟ್ಟಿಯಾದ ಹಾಗೆ ಕೂತಿತ್ತು. ನಾಲ್ಕು ಸಂಜೆ ಕೂತು ಗೆರೆ ಎಳೆದಿದ್ದ ಬೋಗಿಯ ಒಂದು ಮಗ್ಗುಲು ಪೂರ್ತಿ ಹೋಯಿತು.

ಕಾರಣ ಸರಳ. ಆಕ್ರಿಲಿಕ್ ಆಗಲಿ, ಮಾಡೆಲ್ ಕಿಟ್‌ಗಳಲ್ಲಿ ಬರುವ ಪಾಲಿಸ್ಟೈರೀನ್ ಆಗಲಿ, ಸುಮಾರು 100 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗುತ್ತವೆ. ಚಹಾ ಕುದಿಯುವ ಬಿಸಿ ಅದು. ವೇಗವಾಗಿ ತಿರುಗುವ ಬಿಟ್ ಎರಡು ಸೆಕೆಂಡಿನಲ್ಲಿ ಅಷ್ಟು ಬಿಸಿ ಹುಟ್ಟಿಸುತ್ತದೆ. ಆದ್ದರಿಂದ ಕನಿಷ್ಠ ವೇಗ 5,000 ಅಥವಾ ಅದಕ್ಕಿಂತ ಕಡಿಮೆ ಇರುವ, ಗುಂಡಿ ತಿರುವಿ ವೇಗ ಬದಲಿಸುವ ಯಂತ್ರವನ್ನೇ ಕೇಳಿ. ಪ್ಲಾಸ್ಟಿಕ್‌ಗೆ ನಾನು ಕನಿಷ್ಠ ವೇಗ ಬಿಟ್ಟು ಮೇಲೆ ಹೋಗುವುದೇ ಇಲ್ಲ. ಪುಡಿ ಬರುತ್ತಿರುವ ತನಕ ಎಲ್ಲ ಸರಿ ಇದೆ ಅಂತ ಅರ್ಥ. ಎಳೆ ಬಂತೋ, ಬಿಟ್ ಎತ್ತಿಬಿಡಿ. ಕೋಳಿ ಕಾಳು ಕುಟುಕಿದ ಹಾಗೆ ಇಟ್ಟು ಎತ್ತಿ, ಇಟ್ಟು ಎತ್ತಿ ತೂತು ಹಾಕಬೇಕು. ಮೇಲಿನ ವೇಗ ಬೇಕಾಗುವುದು ಹಿತ್ತಾಳೆ, ಸ್ಟೀಲ್ ತಂತಿ ಕೊಯ್ಯುವ ತೆಳು ಚಕ್ರಕ್ಕೆ, ಗಟ್ಟಿ ಕಟ್ಟಿಗೆ ಕೆತ್ತುವ ಸಣ್ಣ ಬರ್ ಬಿಟ್‌ಗಳಿಗೆ. ಆಗಲೂ ಬಿಟ್ ಅಥವಾ ಚಕ್ರದ ಪೊಟ್ಟಣದ ಮೇಲೆ ಬರೆದ ಗರಿಷ್ಠ ವೇಗವನ್ನು ದಾಟಬಾರದು.

ಎರಡನೆಯದು, ನೆಟ್ಟಗೆ ತಿರುಗುವ ವಿಷಯ. ಇದನ್ನು ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ಮನೆಯಿಂದ ಹೊಸ 1 ಎಂಎಂ ಬಿಟ್ ಒಂದನ್ನೂ ಒಂದು ಬಿಳಿ ಕಾಗದವನ್ನೂ ಜೇಬಿನಲ್ಲಿ ಒಯ್ಯಿರಿ. ಬಿಟ್ ಹಾಕಿಸಿ, ಅತಿ ಕಡಿಮೆ ವೇಗದಲ್ಲಿ ಚಾಲೂ ಮಾಡಿ, ಹಿಂದೆ ಕಾಗದ ಹಿಡಿದು ಬಿಟ್ಟಿನ ತುದಿ ನೋಡಿ. ಒಂದೇ ತೆಳು ಗೆರೆಯಾಗಿ ಕಂಡರೆ ಯಂತ್ರ ಒಳ್ಳೆಯದು. ತುದಿ ಹರಡಿಕೊಂಡು ಎರಡು ಗೆರೆಯ ಹಾಗೆ, ಮಂಜು ಮಂಜಾಗಿ ಕಂಡರೆ ಬಿಟ್ ಓಲಾಡುತ್ತಿದೆ. ಆ ಯಂತ್ರದಲ್ಲಿ 1 ಎಂಎಂ ತೂತು ಒಂದೂಕಾಲು ಎಂಎಂ ಆಗುತ್ತದೆ, ಅರ್ಧ ಎಂಎಂ ಬಿಟ್ ಮುರಿದೇ ಹೋಗುತ್ತದೆ. ಬಿಟ್ ತೆಗೆದು ಮತ್ತೆ ಕೂರಿಸಿ ಇನ್ನೊಮ್ಮೆ ನೋಡಿ, ಕೆಲವು ಸಲ ಕೂರಿಸಿದ್ದೇ ಸೊಟ್ಟ ಇರುತ್ತದೆ. "ಸರ, ಎಲ್ಲಾ ಮಷಿನ್ ಹಿಂಗ ಇರ್ತಾವ್ರಿ" ಅಂದರೆ ಒಪ್ಪಬೇಡಿ, ಇನ್ನೊಂದು ಡಬ್ಬಿ ತೆಗೆಸಿ.

ಬಿಟ್ ಹಿಡಿಯುವ ಕಡೆ ಕೋಲೆಟ್ ಇರುತ್ತದೆ, ಅಂದರೆ ಸೀಳಿದ ಹಿತ್ತಾಳೆ ಅಥವಾ ಸ್ಟೀಲ್ ಕೊಳವೆ. ಸಾಮಾನ್ಯ ಅಳತೆ 3.2, 2.4, 1.6, 0.8 ಎಂಎಂ. ಡಬ್ಬಿಯಲ್ಲಿ ಬಹಳ ಸಲ 3.2 ಒಂದೇ ಬರುತ್ತದೆ. ನಾಲ್ಕೂ ಸಿಗುತ್ತವೆಯೇ ಅಂತ ಕೊಳ್ಳುವ ದಿನವೇ ಕೇಳಿ. ಮೂರು ದವಡೆಯ ಸಣ್ಣ ಚಕ್ ಹಾಕಿದರೆ ಎಲ್ಲ ಅಳತೆಯ ಬಿಟ್ ಹಿಡಿಯುತ್ತದೆ, ಆದರೆ ಅಗ್ಗದ ಚಕ್ಕಿನಲ್ಲಿ ಓಲಾಟ ಜಾಸ್ತಿ.

ಈ ಮಾತು ನನಗೆ ಸರಿಯಾಗಿ ಅರ್ಥವಾದದ್ದು ಒಬ್ಬ ಪತ್ತಾರ ಕಾಕಾನ ಅಂಗಡಿಯಲ್ಲಿ ಕೂತಾಗ. ಬಂಗಾರದ ಕೆಲಸದವರ ತಲೆಯ ಮೇಲೆ ಕೊಕ್ಕೆಗೆ ಒಂದು ಮೋಟರ್ ತೂಗುಬಿದ್ದಿರುತ್ತದೆ. ಅದರಿಂದ ಬಳುಕುವ ಉದ್ದನೆಯ ಶಾಫ್ಟ್ ಇಳಿದು ಬಂದು ತುದಿಗೆ ಬೆರಳು ದಪ್ಪದ ಹಿಡಿಕೆ. ವೇಗ ಇರುವುದು ಕಾಲ ಕೆಳಗಿನ ಪೆಡಲ್‌ನಲ್ಲಿ, ಹೊಲಿಗೆ ಯಂತ್ರದ ಹಾಗೆ. "ತಮ್ಮಾ, ಕೈಗೆ ಭಾರ ಬಿದ್ರ ತೂತು ಸೊಟ್ಟ ಹೋಗ್ತೈತಿ. ಅದಕ್ಕ ಮೋಟರ್ ಮ್ಯಾಲ ತೂಗ ಹಾಕೀವಿ" ಅಂದರು. ಮೂಗುತಿಗೆ ಹರಳು ಕೂರಿಸುವವರ ಕೈಗೆ ಒಗ್ಗಿದ್ದು ನಮ್ಮ ಕೆಲಸಕ್ಕೂ ಒಗ್ಗುತ್ತದೆ. ಒಂದೇ ಕಡೆ ಮೇಜಿನ ಮುಂದೆ ಕೂತು ಕೆಲಸ ಮಾಡುವವರು ಕೈಯಲ್ಲಿ ಹಿಡಿಯುವ ರೋಟರಿ ಟೂಲಿನ ಬದಲು ಈ ತೂಗುಮೋಟರನ್ನೇ ಯೋಚಿಸಬಹುದು. ಪತ್ತಾರರ ಸಾಮಾನು ಮಾರುವ ಅಂಗಡಿಯಲ್ಲಿ ಇದರ ಜೊತೆ ಅತಿ ಸಣ್ಣ ಬಿಟ್, ಕೂದಲಿನಂಥ ಗರಗಸದ ಎಲೆ, ಸಣ್ಣ ಅರಗಳೂ ಸಿಗುತ್ತವೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಇಲ್ಲ ಅಂದದ್ದೆಲ್ಲ ನನಗೆ ಅಲ್ಲೇ ಸಿಕ್ಕಿದೆ.

0.4 ಎಂಎಂ ತೂತನ್ನು ಮಾತ್ರ ಈಗಲೂ ಕೈಯಲ್ಲೇ ಹಾಕುತ್ತೇನೆ, ಪಿನ್ ವೈಸ್ ಅನ್ನುವ ಪೆನ್ನಿನಂಥ ಹಿಡಿಕೆಯಿಂದ. ಅಷ್ಟು ಸಣ್ಣ ಬಿಟ್ ಮುರಿಯುವ ಮುಂಚೆ ಬೆರಳಿಗೆ ಗೊತ್ತಾಗುತ್ತದೆ, ಮಷಿನಿಗೆ ಗೊತ್ತಾಗುವುದಿಲ್ಲ.

ಕೊಯ್ಯಲು ಸ್ಕ್ರೋಲ್ ಸಾ

ಪ್ಲೈವುಡ್, ಎಂಡಿಎಫ್‌ನಲ್ಲಿ (ಕಟ್ಟಿಗೆಯ ನಾರಿಗೆ ಅಂಟು ಸೇರಿಸಿ ಒತ್ತಿದ ಹಲಗೆ) ಗುಡಿ, ಮನೆ, ಹಡಗು ಕಟ್ಟುವವರು ಎರಡನೆಯದಾಗಿ ಕೊಳ್ಳಬೇಕಾದದ್ದು ಇದು. ತೆಳು ಎಲೆಯ ಬ್ಲೇಡ್ ನಿಂತಲ್ಲೇ ಮೇಲೆ ಕೆಳಗೆ ಆಡುತ್ತದೆ, ಹಲಗೆಯನ್ನು ನಾವು ತಿರುಗಿಸುತ್ತೇವೆ. ಕೈಯಲ್ಲಿ ಹಿಡಿಯುವ ಜಿಗ್‌ಸಾ ಇದಕ್ಕೆ ಬದಲಿ ಆಗಲಾರದು. 3 ಎಂಎಂ ಪ್ಲೈ ಅದರ ಕೆಳಗೆ ನಡುಗಿ ಅಂಚೆಲ್ಲ ಸಿಬಿರು ಏಳುತ್ತದೆ.

ನಾನು ಕಟ್ಟಿದ್ದರಲ್ಲಿ ನನಗೆ ಬಹಳ ಪ್ರೀತಿಯದು ಗದಗ ಜಿಲ್ಲೆಯ ಡಂಬಳದ ದೊಡ್ಡಬಸಪ್ಪ ಗುಡಿ. ಚಾಲುಕ್ಯರ ಕಾಲದ ಆ ಗುಡಿಯ ವಿಮಾನದ (ಗರ್ಭಗುಡಿ ಮತ್ತು ಅದರ ಮೇಲಿನ ಶಿಖರ) ತಳ 24 ಮೂಲೆಯ ನಕ್ಷತ್ರ. ಕಾಗದದ ಮೇಲೆ ಅದನ್ನು ಬರೆಯುವುದು ಕಷ್ಟವಲ್ಲ. ಒಂದು ಚೌಕ ಬರೆದು, ಅದೇ ಮಧ್ಯಬಿಂದುವಿನ ಮೇಲೆ 15 ಡಿಗ್ರಿ ತಿರುಗಿಸಿ ಇನ್ನೊಂದು, ಹೀಗೆ ಆರು ಚೌಕ. ಹೊರ ಅಂಚು ಉಳಿಸಿಕೊಂಡರೆ 24 ಮೂಲೆ ಬಂದವು. ಕಷ್ಟ ಇರುವುದು ಕೊಯ್ಯುವುದರಲ್ಲಿ. ಗುಡಿ ಮೇಲೇರುತ್ತ ಹೋದಂತೆ ಇದೇ ಆಕಾರ ಪದರ ಪದರವಾಗಿ ಬೇಕು, ಪ್ರತಿ ಪದರದಲ್ಲೂ 24 ಒಳಮೂಲೆ.

ನಾಲ್ಕು ಪ್ಲೈ ಹಾಳೆಗಳನ್ನು ಡಬಲ್ ಸೈಡ್ ಟೇಪಿನಿಂದ ಒಂದರ ಮೇಲೊಂದು ಅಂಟಿಸಿ ಒಟ್ಟಿಗೇ ಕೊಯ್ದೆ. ನಾಲ್ಕೂ ಒಂದೇ ಅಳತೆ ಬಂದವು. ಒಳಮೂಲೆಯಲ್ಲಿ ಬ್ಲೇಡನ್ನು ತಿರುಗಿಸಲು ಹೋಗಬಾರದು, ಮೂಲೆ ಗುಂಡಗಾಗುತ್ತದೆ. ಒಂದು ಬದಿಯಿಂದ ಮೂಲೆ ತನಕ ಕೊಯ್ದು, ಅದೇ ಸೀಳಿನಲ್ಲಿ ಹಿಂದಕ್ಕೆ ಬಂದು, ಇನ್ನೊಂದು ಬದಿಯಿಂದ ಮತ್ತೆ ಮೂಲೆಗೆ ಹೋಗಬೇಕು. ತುಂಡು ತಾನಾಗಿ ಕಳಚಿ ಬೀಳುತ್ತದೆ. ಇದಕ್ಕೆ ಯಂತ್ರ ನಿಧಾನ ಓಡಬೇಕು. ನಿಮಿಷಕ್ಕೆ 400ರಿಂದ 1,600 ಏಟಿನ ತನಕ ವೇಗ ಬದಲಾಯಿಸುವ ಯಂತ್ರಗಳಿವೆ. ಒಂದೇ ವೇಗದ್ದನ್ನು ಕೊಳ್ಳಬೇಡಿ.

ಇನ್ನು ಬ್ಲೇಡ್. ಸಾಮಾನ್ಯ ಬ್ಲೇಡ್ ಐದು ಇಂಚು ಉದ್ದ. ಕೆಲವಕ್ಕೆ ಎರಡೂ ತುದಿಗೆ ಅಡ್ಡ ಪಿನ್ ಇರುತ್ತದೆ, ಕೆಲವಕ್ಕೆ ಇರುವುದಿಲ್ಲ. ಪಿನ್ ಇರುವುದು ಹಾಕಲು ಸುಲಭ, ಆದರೆ ಹಲಗೆಯ ನಡುವೆ ಜಾಲಂಧ್ರದಂಥ ಕಿಂಡಿ ಕೊಯ್ಯಬೇಕಾದರೆ ಆ ಪಿನ್ ಹಾಯುವಷ್ಟು ದೊಡ್ಡ ತೂತು ಬೇಕು. ಕಿಂಡಿಯೇ ನಾಲ್ಕು ಎಂಎಂ ಇದ್ದಾಗ ಅದು ಆಗುವ ಮಾತಲ್ಲ. ಪಿನ್ ಇಲ್ಲದ ಬ್ಲೇಡ್ ಸಣ್ಣ ತೂತಿನಲ್ಲೂ ತೂರುತ್ತದೆ. ಆದ್ದರಿಂದ ಎರಡೂ ಬಗೆ ಹಿಡಿಯುವ, ಇಲ್ಲವೇ ಪಿನ್ ಇಲ್ಲದ್ದನ್ನು ಹಿಡಿಯುವ ಯಂತ್ರವೇ ಇರಲಿ. ಹಲ್ಲು ಎಷ್ಟು ಸಣ್ಣದಿರಬೇಕು ಅಂದರೆ, ಹಲಗೆಯ ದಪ್ಪದಲ್ಲಿ ಯಾವಾಗಲೂ ಮೂರು ಹಲ್ಲಾದರೂ ಇರಬೇಕು. ಹಲ್ಲಿನ ಮುಖ ಕೆಳಗೆ. ಯಂತ್ರದ ತಳ ಎರಕದ ಕಬ್ಬಿಣದ್ದಾದರೆ ಒಳ್ಳೆಯದು. ಹೇಗಿದ್ದರೂ ಮೇಜಿಗೆ ಬೋಲ್ಟ್ ಹಾಕಿ ಬಿಗಿಯಿರಿ. ಬಿಗಿಯದ ಯಂತ್ರ ನಡುಗಿದಷ್ಟೂ ಕೊಯ್ತ ಅಲೆಅಲೆಯಾಗುತ್ತದೆ.

ಉಳಿದವು

ಉಜ್ಜುವ ಮಷಿನ್‌ಗೆ ಅವಸರ ಬೇಡ. ಅಂಗೈಯಲ್ಲಿ ಹಿಡಿಯುವ ಸ್ಯಾಂಡರ್ ಬಾಗಿಲು, ಮೇಜಿಗೆ ಸರಿ, ನಮ್ಮ ಮೂಲೆಗಳನ್ನೆಲ್ಲ ತಿಂದುಹಾಕುತ್ತದೆ. ಕಟ್ಟಿಗೆ ತುಂಡಿಗೆ ಸುತ್ತಿದ ಪಾಲಿಶ್ ಪೇಪರ್, 120 ನಂಬರಿನಿಂದ ಶುರು ಮಾಡಿ 180, 240, 400, ಬಹಳ ದಿನ ಸಾಕಾಗುತ್ತದೆ. ಮುಂದೆ ಬೇಕೆನಿಸಿದರೆ ಮೇಜಿನ ಮೇಲೆ ನಿಲ್ಲುವ ಸಣ್ಣ ಡಿಸ್ಕ್ ಸ್ಯಾಂಡರ್ ಒಂದು. ತೊಲೆಯ ತುದಿ ಸರಿಯಾಗಿ 90 ಡಿಗ್ರಿಗೆ ತರಲು ಅದು ಉಪಕಾರಿ.

ತೂತು ನೆಟ್ಟಗೆ ಇಳಿಯಬೇಕು ಅನ್ನುವವರು ರೋಟರಿ ಟೂಲಿಗೆ ಹೊಂದುವ ಸ್ಟ್ಯಾಂಡ್ ಕೊಳ್ಳುವಾಗ ಅದರ ತೋಳನ್ನು ಹಿಡಿದು ಅಲ್ಲಾಡಿಸಿ ನೋಡಿ. ಪ್ಲಾಸ್ಟಿಕ್ ತೋಳು ಆಡಿದರೆ ಬೇಡ.

ಥರ್ಮಾಕೋಲ್ ಕೊಯ್ಯುವವರಿಗೆ ಬಿಸಿ ತಂತಿಯ ಕಟರ್. ನೈಕ್ರೋಮ್ ತಂತಿ, 12 ವೋಲ್ಟ್ ಅಡಾಪ್ಟರ್, ಬಿಸಿ ಹೆಚ್ಚು ಕಡಿಮೆ ಮಾಡುವ ಗುಂಡಿ ಇರಲಿ. ತಂತಿ ಕೆಂಪಗಾಗಬಾರದು. ಕಿಟಕಿ ತೆಗೆದಿಟ್ಟೇ ಕೊಯ್ಯಿರಿ. ಒಂದು ಮಾತು ಬಹಳ ಮುಖ್ಯ: ಸನ್‌ಬೋರ್ಡ್ ಅಂತ ಮಾರುವ ಬಿಳಿ ಹಾಳೆ ಬಹಳ ಸಲ ಪಿವಿಸಿ ಆಗಿರುತ್ತದೆ. ಅದಕ್ಕೆ ಬಿಸಿ ತಂತಿ ತಾಗಿಸಬಾರದು, ಹೈಡ್ರೋಜನ್ ಕ್ಲೋರೈಡ್ ಅನ್ನುವ ಕೆಟ್ಟ ಅನಿಲ ಬರುತ್ತದೆ. ಅದನ್ನು ಚಾಕುವಿನಲ್ಲೇ ಕೊಯ್ಯಿರಿ.

ಆ್ಯಂಗಲ್ ಗ್ರೈಂಡರ್ ಅಂತೂ ಬೇಡವೇ ಬೇಡ. ನಾಲ್ಕಿಂಚಿನದು ನಿಮಿಷಕ್ಕೆ 11,000 ಸುತ್ತಿನ ಹತ್ತಿರ ತಿರುಗುತ್ತದೆ, ಬಹಳಷ್ಟಕ್ಕೆ ವೇಗ ಇಳಿಸುವ ಗುಂಡಿಯೇ ಇರುವುದಿಲ್ಲ. ಅದಕ್ಕೆ ಹಲ್ಲಿನ ಬ್ಲೇಡ್ ಹಾಕಿ ಕಟ್ಟಿಗೆ ಕೊಯ್ಯುವುದನ್ನು ನೀವು ನೋಡಿರಬಹುದು. ಬ್ಲೇಡ್ ಸಿಕ್ಕಿಹಾಕಿಕೊಂಡರೆ ಯಂತ್ರ ಹಿಂದಕ್ಕೆ ಒದೆಯುತ್ತದೆ, ಬೆರಳು ಉಳಿಯುವುದಿಲ್ಲ.

ಕರೆಂಟಿನ ಮಾತು

ಅಮೆರಿಕದಲ್ಲಿರುವ ನೆಂಟರು ಪ್ರೀತಿಯಿಂದ ರೋಟರಿ ಟೂಲ್ ತಂದುಕೊಡುತ್ತಾರೆ. ಅದು 120 ವೋಲ್ಟಿನದು, ನಮ್ಮ ಮನೆಯ ಕರೆಂಟ್ 230. ಪಿನ್ ಬದಲಿಸುವ ಅಡಾಪ್ಟರ್ ಹಾಕಿ ಚುಚ್ಚಿದರೆ ಸುಟ್ಟುಹೋಗುತ್ತದೆ. ನಮ್ಮ ಸೋದರಳಿಯನದು ಹಾಗೇ ಹೋಯಿತು, ಒಂದು ಕ್ಷಣ ಚೀರಿ ಹೊಗೆ ಬಂತು, ಅಷ್ಟೇ. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು, ಇಲ್ಲವೇ ಇಲ್ಲೇ ಕೊಳ್ಳಬೇಕು. ಡಬ್ಬಿಯ ಮೇಲೆ 220–240 ಅಂತ ಇದೆಯೇ ನೋಡಿ.

ಯಂತ್ರದ ಮೈಮೇಲಿನ ಚೀಟಿಯಲ್ಲಿ ಚೌಕದೊಳಗೊಂದು ಚೌಕದ ಗುರುತು ಇದ್ದರೆ ಅದು ಎರಡು ಪದರ ಇನ್ಸುಲೇಶನ್ ಇರುವ ಯಂತ್ರ, ಎರಡು ಪಿನ್ ಇದ್ದರೂ ಸರಿ. ಆ ಗುರುತು ಇಲ್ಲದ ಯಂತ್ರಕ್ಕೆ ಮೂರು ಪಿನ್ನೂ ಸರಿಯಾದ ಅರ್ಥಿಂಗೂ ಬೇಕೇ ಬೇಕು. ಹಳೆಯ ಮನೆಗಳಲ್ಲಿ ಮೂರನೇ ತೂತಿಗೆ ವಯರೇ ಇರುವುದಿಲ್ಲ, ಇಲೆಕ್ಟ್ರಿಷಿಯನ್ ಕರೆದು ನೋಡಿಸಿ. 30 ಮಿಲಿಆ್ಯಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆರಿಸುವ ಸ್ವಿಚ್) ಹಾಕಿಸಿದರೆ ಇನ್ನೂ ನಿಶ್ಚಿಂತೆ.

ಕೊಳ್ಳುವಾಗಲೇ ಆ ಯಂತ್ರದ ಕಾರ್ಬನ್ ಬ್ರಷ್ ಒಂದು ಜೋಡಿ ಕೇಳಿ ತೆಗೆದುಕೊಳ್ಳಿ. ಮೋಟರಿನೊಳಗೆ ಉಜ್ಜಿಕೊಂಡು ಸವೆಯುವ ಭಾಗ ಅದು. ಕಿಡಿ ಜಾಸ್ತಿ ಕಾಣತೊಡಗಿತು, ವೇಗ ಏರಿಳಿಯಿತು ಅಂದರೆ ಬದಲಿಸುವ ಹೊತ್ತು. ಬ್ರಷ್ ಸಿಗುವುದಿಲ್ಲ ಅನ್ನುವ ಕಂಪನಿಯ ಯಂತ್ರವನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ನಾನು ಕೊಳ್ಳುವುದಿಲ್ಲ.

ಕಣ್ಣು, ಮೂಗು, ತೋಳು

ಕನ್ನಡಕ ಇಲ್ಲದೆ ಸ್ವಿಚ್ ಮುಟ್ಟಬೇಡಿ. ರೋಟರಿ ಟೂಲಿನ ತೆಳು ಕಟಿಂಗ್ ಚಕ್ರ ಸ್ವಲ್ಪ ಓರೆಯಾದರೂ ಚೂರು ಚೂರಾಗಿ ಸಿಡಿಯುತ್ತದೆ. ಓದುವ ಚಾಳೀಸು ಸಾಲದು, ಪಕ್ಕ ಮುಚ್ಚುವ ಸೇಫ್ಟಿ ಗಾಗಲ್ ಬೇಕು. ಎಂಡಿಎಫ್ ಉಜ್ಜುವಾಗ ಎನ್95 ಮಾಸ್ಕ್ ಹಾಕಿ, ಅದರ ನುಣುಪು ಧೂಳಿನಲ್ಲಿ ಅಂಟಿನ ರಾಸಾಯನಿಕವೂ ಇರುತ್ತದೆ. ಬಹಳ ಜನ ತಿಳಿಯದೆ ಮಾಡುವ ತಪ್ಪು ಕೈಗವಸು. ತಿರುಗುವ ಯಂತ್ರದ ಮುಂದೆ ಬಟ್ಟೆಯ ಕೈಗವಸು ಹಾಕಬಾರದು, ನೂಲು ಸಿಕ್ಕರೆ ಬೆರಳನ್ನೂ ಎಳೆದುಕೊಳ್ಳುತ್ತದೆ. ಉದ್ದ ತೋಳು ಮಡಚಿ, ಜಡೆ ಕಟ್ಟಿ, ಸೆರಗು, ಓಡಣಿ ಬಿಗಿದು ಸಿಕ್ಕಿಸಿ. ಸಣ್ಣ ತುಂಡನ್ನು ಬೆರಳಲ್ಲಿ ಹಿಡಿದು ತೂತು ಹಾಕಬೇಡಿ, ತುಂಡನ್ನು ಬಿಗಿಹಿಡಿಯುವ ಸಣ್ಣ ವೈಸ್ ಒಂದು ಮೇಜಿಗೆ ಕಚ್ಚಿಸಿಡಿ.

ದುಡ್ಡು ಹಂಚುವುದು

ಇರುವ ಹಣದಲ್ಲಿ ಮೂರನೇ ಒಂದು ಪಾಲನ್ನು ಬಿಟ್, ಬ್ಲೇಡ್, ವೈಸ್, ಕನ್ನಡಕಕ್ಕೆ ಎತ್ತಿಡಿ. 100 ತುಂಡಿನ ಬಿಟ್ ಸೆಟ್ ಪುಕ್ಕಟೆ ಅಂತ ಬಂದರೆ ಆಸೆ ಪಡಬೇಡಿ, ಅದರಲ್ಲಿ ನಮಗೆ ಬೇಕಾದವು ಹತ್ತೂ ಇರುವುದಿಲ್ಲ. 0.5, 0.8, 1, 1.5, 2 ಎಂಎಂ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್ ಬಿಡಿಯಾಗಿ ಎರಡೆರಡು ಕೊಳ್ಳಿ, ಸಣ್ಣವು ಮುರಿಯುತ್ತವೆ. ಮೊದಲು ರೋಟರಿ ಟೂಲ್ ಮತ್ತು ವೈಸ್. ಅದರಲ್ಲಿ ಒಂದು ಮಾಡೆಲ್ ಪೂರ್ತಿ ಮುಗಿಸಿ. ಕೈಗರಗಸದಲ್ಲಿ ಕೊಯ್ದು ಸಾಕಾಯಿತು ಅನಿಸಿದಾಗ ಸ್ಕ್ರೋಲ್ ಸಾ. ಒಂದೆರಡೇ ಹಾಳೆ ಆಕ್ರಿಲಿಕ್ ಕೊಯ್ಯಬೇಕಿದ್ದರೆ ಮಷಿನ್ ಕೊಳ್ಳುವ ಬದಲು ಬೋರ್ಡ್, ಟ್ರೋಫಿ ಮಾಡುವವರ ಹತ್ತಿರ ಲೇಸರ್‌ನಲ್ಲಿ ಕೊಯ್ಸಿಕೊಳ್ಳಬಹುದು.

ಯಂತ್ರ ಮನೆಗೆ ಬಂದ ದಿನ ಮಾಡೆಲ್ ಮುಟ್ಟಬೇಡಿ. ಬೇಡದ 3 ಎಂಎಂ ಪ್ಲೈ ತುಂಡಿನ ಮೇಲೆ ಪೆನ್ಸಿಲ್ಲಿನಿಂದ ಗೆರೆ ಎಳೆದು, 5 ಎಂಎಂಗೆ ಒಂದರಂತೆ 20 ಚುಕ್ಕೆ ಇಡಿ. ಪ್ರತಿ ಚುಕ್ಕೆಯನ್ನೂ ಗುಂಡುಸೂಜಿಯಿಂದ ಒತ್ತಿ ಸಣ್ಣ ಗುಳಿ ಮಾಡಿ, ಅತಿ ಕಡಿಮೆ ವೇಗದಲ್ಲಿ 1 ಎಂಎಂ ತೂತು ಹಾಕಿ. ಆಮೇಲೆ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಂದಿನಿಂದ ನೋಡಿ. ತೂತುಗಳು ಹಿಂಬದಿಯಲ್ಲೂ ಒಂದೇ ಸಾಲಿನಲ್ಲಿ ಕಂಡರೆ ಮರುದಿನ ಬೋಗಿಯ ಹಾಳೆಗೆ ಕೈ ಹಚ್ಚಬಹುದು.